ಬೊಮ್ಮಕ್ಕನ ಮೂರು ಬೆರಳು

ಗಿಳಿಗಳು ಮನುಷ್ಯರ ಹೆಸರು ಹಿಡಿದು ಕೂಗುತ್ತಿದ್ದ ಬಹಳ ಹಿಂದಿನ ಕಾಲ. ಆಗ ಜೇನುಗಿರಿ ಎಂಬ ರಾಜ್ಯವನ್ನು ಚಂಪಲಾದೇವಿ ಎಂಬ ರಾಣಿ ಆಳುತ್ತಿದ್ದಳು. ರಾಜ್ಯದ ಗಡಿಯಾಚೆ, ಬೋಳುಬೆಟ್ಟದ ಗವಿಯಲ್ಲಿ, ಉರಿಮೀಸೆ ಎಂಬ ಮಾಂತ್ರಿಕನಿದ್ದ. ಹೆಸರಿಗೆ ತಕ್ಕ ಹಾಗೆ ಅವನ ಮೀಸೆಯ ಎರಡೂ ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ಮೀಸೆ ಮಾತ್ರ ಸುಡುತ್ತಿರಲಿಲ್ಲ.

ಉರಿಮೀಸೆಗೆ ಇದ್ದದ್ದು ಒಂದೇ ಚಟ, ಮೂರೆಸೆತದ ಆಟ. ವರುಷಕ್ಕೊಮ್ಮೆ ತನ್ನ ಮಾಯದ ಮೃಗವೊಂದರ ಕೈಗೆ ದೊಣ್ಣೆ ಕೊಟ್ಟು ಗಡಿಯ ಬಯಲಿಗೆ ಕರೆತರುತ್ತಿದ್ದ. ರಾಣಿಯ ಕಡೆಯ ಎಸೆಗಾರ ಮೂರು ಚೆಂಡು ಎಸೆಯಬೇಕು. ಚೆಂಡು ಮೃಗದ ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಹಾದು ಅದರ ಹಿಂದೆ ಕುಕ್ಕುರುಗಾಲಲ್ಲಿ ಕೂತ ಹಿಡಿಗಾರನ ಕೈ ಸೇರಬೇಕು. ಒಂದಕ್ಕೆ ದೊಣ್ಣೆ ತಾಗಿದರೂ ಮಾಂತ್ರಿಕ ಗೆದ್ದ ಹಾಗೆ. ಒಂದು ಊರಿನ ಜನರೆಲ್ಲ ಆ ಕ್ಷಣವೇ ಗಿಳಿಗಳಾಗಿ ಹಾರಿಹೋಗುತ್ತಿದ್ದರು. ಮೃಗ ಬೀಸಲಿ ಬಿಡಲಿ, ಮೂರೂ ಚೆಂಡು ತಾಗದೆ ಕೈ ಸೇರಿದರೆ ಒಂದು ಊರಿನ ಜನ ವಾಪಸು. ಆದರೆ ಹಾಗೆ ವಾಪಸು ಬಂದ ಊರು ಒಂದೂ ಇರಲಿಲ್ಲ.

ಎಲ್ಲಕ್ಕಿಂತ ಮೊದಲು ಗಿಳಿಯಾದದ್ದು ತೊರೆಸಾಲು ಎಂಬ ಊರು. ಅಲ್ಲಿ ಉಳಿದವರು ಇಬ್ಬರೇ. ಅವತ್ತು ಚಿಕ್ಕಮ್ಮನ ಮನೆಗೆ ಹೋಗಿದ್ದ ಬೊಮ್ಮಕ್ಕ, ಅವಳ ತಮ್ಮ ಓಬಯ್ಯ. ಅವರ ಅವ್ವನೂ ಹಾರಿಹೋಗಿದ್ದಳು.

ಚಿಕ್ಕಪ್ಪ ಇಬ್ಬರನ್ನೂ ಜೋಳದ ಹೊಲ ಕಾಯಲು ಹಾಕಿದ. ಅಟ್ಟಣೆಯ ಮೇಲೆ ನಿಂತು ಕಲ್ಲು ಬೀರಿ ಗಿಳಿ ಓಡಿಸುವುದು ಓಬಯ್ಯನ ಕೆಲಸ.

"ಏನೋ ಓಬ, ದಿನಾ ಕಲ್ಲು ಬೀರ್ತೀಯ, ಒಂದು ಗಿಳೀನೂ ಬೀಳಲ್ವಲ್ಲ! ಕಣ್ಣು ಕಾಣಲ್ವೇನೋ?" ಎಂದು ಚಿಕ್ಕಪ್ಪ ಬೈಯುತ್ತಿದ್ದ.

"ಬೀಳಿಸಬಾರದು ಚಿಕ್ಕಪ್ಪ. ಯಾವ ಗಿಳಿ ಯಾರ ಅವ್ವನೋ."

ಆದರೆ ಬೀಳಿಸದೆ ಓಡಿಸುವುದು ಸುಲಭವೆಂದುಕೊಂಡಿರಾ? ಕಲ್ಲು ಗಿಳಿಯ ರೆಕ್ಕೆಯ ಪಕ್ಕದಲ್ಲೇ ಸುಯ್ಯೆಂದು ಹೋಗಬೇಕು, ಪುಕ್ಕ ಅಲುಗಬೇಕು, ಮೈಗೆ ತಾಗಬಾರದು. ಹೊಡೆಯುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ತಾಗದ ಹಾಗೆ ಎಸೆಯುವುದನ್ನು ಕಲಿತವನು ಇಡೀ ಜೇನುಗಿರಿಯಲ್ಲಿ ಓಬಯ್ಯ ಒಬ್ಬನೇ. ಹೊಲದ ಆ ತುದಿಯಲ್ಲಿ ಬೊಮ್ಮಕ್ಕ ಅಂಗೈಗೆ ತೊಗಲು ಸುತ್ತಿಕೊಂಡು ಕೂತು, ಅವನು ಬೀರಿದ ಕಲ್ಲನ್ನೆಲ್ಲ ಹಿಡಿಯುತ್ತಿದ್ದಳು.

ದೊಡ್ಡವರಾದ ಮೇಲೆ ಇಬ್ಬರೂ ಅರಮನೆಗೆ ಹೋದರು. ಗಿಳಿ ಓಡಿಸುವವನು ಎಸೆಗಾರನಾಗುತ್ತೇನೆ ಅಂದಾಗ ಆಸ್ಥಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಬೊಮ್ಮಕ್ಕ ಹಿಂಜರಿಯಲಿಲ್ಲ.

"ತಾಯಿ, ದೊಣ್ಣೆಗೆ ತಾಗಬಾರದು ಅನ್ನೋದೇ ಅಲ್ವಾ ಈ ಆಟ? ತಾಗದ ಹಾಗೆ ಎಸೆಯೋದರಲ್ಲಿ ನನ್ನ ತಮ್ಮನ್ನ ಮೀರಿಸೋರು ಇದ್ದರೆ ಕರೆಸಿ" ಎಂದಳು.

ರಾಣಿ ಗಟ್ಟಿಗಿತ್ತಿ. ಸಿಂಹಾಸನದಿಂದ ಏಳದೆ, "ಎಲ್ಲಿ, ನನ್ನ ಕಿವಿಯ ಜುಮುಕಿ ಅಲುಗಿಸು ನೋಡೋಣ" ಎಂದಳು. ಮಂತ್ರಿ ಕಣ್ಣು ಮುಚ್ಚಿಕೊಂಡ. ಓಬಯ್ಯ ಎಸೆದ. ಜುಮುಕಿ ಅಲುಗಿತು, ಚೆಂಡು ತಾಗಲಿಲ್ಲ. ಅವತ್ತೇ ಓಬಯ್ಯ ಅರಮನೆಯ ಎಸೆಗಾರನಾದ, ಬೊಮ್ಮಕ್ಕ ಹಿಡಿಗಾರ್ತಿಯಾದಳು.

ಯಾವ ಚೆಂಡು ಎಸೆಯಬೇಕೆಂದು ಅಕ್ಕ ಮೊಣಕಾಲ ಮೇಲೆ ಬೆರಳಿಟ್ಟು ಹೇಳುತ್ತಿದ್ದಳು. ಒಂದು ಬೆರಳೆಂದರೆ ಬಿರುಸು. ಎರಡೆಂದರೆ ಡೊಂಕು. ಮೂರೆಂದರೆ ನಿಧಾನ. ಅವರು ಚಿಕ್ಕವರಿದ್ದಾಗ ಅವ್ವ ಅಂಗಳದಲ್ಲಿ ಕೂರಿಸಿ, ಬಟ್ಟೆಯ ಚೆಂಡನ್ನು ಮಡಿಲಿಗೆ ಬೀಳುವ ಹಾಗೆ ಎಸೆಯುತ್ತಿದ್ದಳಲ್ಲ, ಆ ಎಸೆತ.

"ಥೂ ಹೋಗಕ್ಕ! ಅದು ಹಾಲುಹಲ್ಲಿನ ಮಕ್ಕಳಿಗೆ. ಅರಮನೆ ಎಸೆಗಾರ ಅಂಥದ್ದು ಎಸೆದರೆ ಊರೆಲ್ಲ ನಗುತ್ತೆ" ಅನ್ನುತ್ತಿದ್ದ ಓಬಯ್ಯ.

"ನಿನ್ನ ಜಂಬಕ್ಕಿಷ್ಟು!" ಅನ್ನುತ್ತಿದ್ದಳು ಅಕ್ಕ.

ಮೊದಲನೆಯ ವರುಷ ಮಾಂತ್ರಿಕ ಕಬ್ಬಿಣದ ಕರಡಿಯನ್ನು ತಂದ. ಅದು ಉಸಿರು ಬಿಟ್ಟರೆ ಹುಲ್ಲು ಕಮರುತ್ತಿತ್ತು. ಬೊಮ್ಮಕ್ಕ ಮೂರು ಬೆರಳಿಟ್ಟಳು, ಓಬಯ್ಯ ತಲೆ ಅಡ್ಡಡ್ಡ ಆಡಿಸಿದ. ಅವಳು ಒಂದು ಬೆರಳಿಟ್ಟಳು. ಚೆಂಡು ಬಿರುಸಾಗಿ ಬಂತು. ಕರಡಿ ದೊಣ್ಣೆ ಎತ್ತುವಷ್ಟರಲ್ಲಿ ಅಕ್ಕನ ಕೈಯಲ್ಲಿತ್ತು. ಒಂದಲ್ಲ, ಮೂರೂ ಸಲ. ಕರಡಿ ನಾಚಿ ತುಕ್ಕು ಹಿಡಿದು ಪುಡಿಯಾಯಿತು. ಮರದ ಮೇಲಿನ ಗಿಳಿಗಳು ದೊಪದೊಪನೆ ಕೆಳಗಿಳಿದು ಮನುಷ್ಯರಾದವು. ಒಂದು ಊರು ಮನೆಗೆ ಬಂತು!

ಮರುವರುಷ ಏಳು ಕಣ್ಣಿನ ಚಿರತೆ ಬಂತು. ಎಂಥ ಬಿರುಸೂ ಅದರ ಕಣ್ಣು ತಪ್ಪಿಸುವಂತಿರಲಿಲ್ಲ. ಬೊಮ್ಮಕ್ಕ ಮೂರು ಬೆರಳಿಟ್ಟಳು, ತಮ್ಮ ಮತ್ತೆ ತಲೆ ಆಡಿಸಿದ. ಎರಡು ಬೆರಳಿಟ್ಟಳು. ಚೆಂಡು ಚಿರತೆಯ ಹತ್ತಿರ ಬಂದು, ಏನೋ ನೆನಪಾದವರ ಹಾಗೆ ಸರಕ್ಕನೆ ಪಕ್ಕಕ್ಕೆ ತಿರುಗಿತು. ಏಳು ಕಣ್ಣೂ ಏಳು ದಿಕ್ಕು ನೋಡಿದವು. ಇನ್ನೊಂದು ಊರು ಮನೆಗೆ ಬಂತು.

ಹೀಗೆ ವರುಷ ವರುಷವೂ ಓಬಯ್ಯ ಗೆದ್ದ. ರಾಣಿ ಬಂಗಾರದ ತೋಳಬಂದಿ ತೊಡಿಸಿದಳು. ಬೀದಿಯಲ್ಲಿ ಮಕ್ಕಳು ಅವನ ಹಾಗೆ ಎಡಗಾಲೆತ್ತಿ ಚೆಂಡೆಸೆಯುತ್ತಿದ್ದರು. ಸಂತೆಗೆ ಹೋದರೆ ಗಿಳಿಯಾಗಿದ್ದ ಅಜ್ಜಿಯೊಬ್ಬಳು ಓಡಿಬಂದು ಅವನ ಬಲಗೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹೆಮ್ಮೆಯಿಂದ ಅವನ ಎದೆ ಉಬ್ಬುತ್ತಿತ್ತು. ಯಾಕೆ ಉಬ್ಬಬಾರದು? ಅಷ್ಟೊಂದು ಮನೆಗಳಲ್ಲಿ ದೀಪ ಹಚ್ಚಿಸಿದ ಕೈ ಅದು.

ಆದರೆ ಕೈಯೂ ಸವೆಯುತ್ತದೆ. ತಲೆಯಲ್ಲಿ ನರೆ ಬಂದ ವರುಷ, ಡೊಂಕು ಎಸೆಯುವಾಗ ಭುಜದೊಳಗೆ ಲಟಕ್ಕೆಂದಿತು. ಆ ಸಲವೂ ಗೆದ್ದ, ನಿಜ. ಆದರೆ ಮನೆಗೆ ಬಂದು ಅನ್ನ ಕಲಸಲಾರದೆ ಕೂತ. ಬೊಮ್ಮಕ್ಕ ಬಿಸಿ ಎಣ್ಣೆ ತಿಕ್ಕುತ್ತ ಅತ್ತಳು. ಇನ್ನು ಉಳಿದಿದ್ದದ್ದು ಒಂದೇ ಊರು, ಅವರದೇ ತೊರೆಸಾಲು. ಅವ್ವನನ್ನು ತರಬೇಕಾದ ಹೊತ್ತಿಗೇ ಕೈ ಕೊಟ್ಟಿತ್ತು.

ಮರುವರುಷ ಬಯಲಿಗೆ ಮೃಗ ಬರಲಿಲ್ಲ. ಉರಿಮೀಸೆ ತಾನೇ ಮಂತ್ರದ ದೊಣ್ಣೆ ಹಿಡಿದು ಬಂದ. ಎಸೆಗಾರನ ಭುಜ ಅಲುಗಿದ್ದನ್ನು ನೋಡಿಯೇ ಚೆಂಡಿನ ವೇಗ ಹೇಳುವವನು ಅವನು.

"ಮೊದಲು ನುಂಗಿದ್ದು ಅಷ್ಟು ಸುಲಭಕ್ಕೆ ಕಕ್ಕುವುದಿಲ್ಲ. ನಾನು ಗೆದ್ದರೆ ನೀನು ಬಿಡಿಸಿದ ಊರುಗಳೆಲ್ಲ ಮತ್ತೆ ಗಿಳಿ. ನೀನು ಗೆದ್ದರೆ ತೊರೆಸಾಲೂ ನಿನ್ನದು, ನನ್ನ ಪ್ರಾಣವೂ ನಿನ್ನದು. ಒಪ್ಪಿದೆಯಾ?" ಎಂದ.

ಓಬಯ್ಯ ಸುತ್ತಲಿನ ಜನರತ್ತ ತಿರುಗಿದ. ತನ್ನ ಅವ್ವನಿಗಾಗಿ ಅಷ್ಟು ಜನರನ್ನು ಪಣಕ್ಕಿಡುವುದು ಹೇಗೆ? ಆಗ ಬಯಲಿನ ಸುತ್ತ ನಿಂತಿದ್ದ ಜನವೇ ಕೂಗಿತು: "ಹೂಂ ಅನ್ನಪ್ಪ ಓಬಯ್ಯ! ನಮ್ಮ ಅವ್ವಂದಿರನ್ನ ತಂದುಕೊಟ್ಟೆ. ನಿನ್ನವ್ವ ಒಬ್ಬಳು ಮರದ ಮೇಲಿದ್ದರೆ ನಮಗೆ ಉಣ್ಣೋಕೆ ಸೇರುತ್ತಾ?"

ಓಬಯ್ಯ ಕಣ್ಣೊರೆಸಿಕೊಂಡು ಹೂಂ ಎಂದ.

ಮೊದಲನೆಯ ಚೆಂಡು ಬಿರುಸಿನದು. ಮಾಂತ್ರಿಕ ದೊಣ್ಣೆ ಎತ್ತಲೇ ಇಲ್ಲ; ನಗುತ್ತ ನೋಡಿದ, ಬಿಟ್ಟ. ಎರಡನೆಯದು ಡೊಂಕು. ಅದನ್ನೂ ನೋಡಿದ, ಬಿಟ್ಟ. "ಇಷ್ಟೇ ಉಳಿದಿರೋದು ನಿನ್ನ ಕೈಯಲ್ಲಿ! ನಿನ್ನ ಬಿರುಸೂ ಅಳೆದಾಯಿತು, ಡೊಂಕೂ ಅಳೆದಾಯಿತು. ಮೂರನೆಯದನ್ನು ಬೋಳುಬೆಟ್ಟದಾಚೆ ಕಳಿಸುತ್ತೇನೆ" ಎಂದ. ಅವನು ಹೇಳಿದ್ದು ಸುಳ್ಳೇನಲ್ಲ. ಓಬಯ್ಯನ ಭುಜ ಬೆಂಕಿಯಾಗಿ ಉರಿಯುತ್ತಿತ್ತು.

ಬೊಮ್ಮಕ್ಕ ಮೊಣಕಾಲ ಮೇಲೆ ಮೂರು ಬೆರಳಿಟ್ಟಳು.

ಓಬಯ್ಯ ಅಭ್ಯಾಸದಂತೆ ತಲೆ ಅಡ್ಡಡ್ಡ ಆಡಿಸಹೋದ. ಆದರೆ ಅಕ್ಕನ ಬೆರಳು ಕಣ್ಣಿಗೆ ಬಿತ್ತು. ಅವನ ಚೆಂಡು ಹಿಡಿದು ಹಿಡಿದು ಮೂರೂ ಸೊಟ್ಟಗಾಗಿದ್ದವು. ತನ್ನ ಕೈಯ ಹಾಡು ಊರೂರಲ್ಲಿ ಹಾಡಿದರು, ಈ ಬೆರಳಿನ ಮಾತು ಯಾರಾದರೂ ಎತ್ತಿದರೇ? ಮೊಟ್ಟಮೊದಲ ಸಲ ಆಗಲಿ ಎಂದು ತಲೆ ಬಾಗಿಸಿದ.

ಎಡಗಾಲು ಎಂದಿನಂತೆ ಎತ್ತಿದ. ಭುಜವನ್ನು ಎಂದಿಗಿಂತ ಜೋರಾಗಿ ಬೀಸಿದ. ಚೆಂಡನ್ನು ಮಾತ್ರ ಅಂಗೈಯ ಆಳದಲ್ಲಿ ಅದುಮಿಟ್ಟುಕೊಂಡು, ಮಗುವಿನ ಮಡಿಲಿಗೆ ಹಾಕುವ ಹಾಗೆ ಮೆಲ್ಲಗೆ ಬಿಟ್ಟ.

ಭುಜ ನೋಡಿದ ಉರಿಮೀಸೆ ಇದ್ದಬದ್ದ ಬಲವನ್ನೆಲ್ಲ ಹಾಕಿ ದೊಣ್ಣೆ ಬೀಸಿದ. ಚೆಂಡು ಇನ್ನೂ ಅರ್ಧ ದಾರಿಯಲ್ಲಿತ್ತು! ಬೀಸಿದ ರಭಸಕ್ಕೆ ಅವನು ಬುಗುರಿಯಂತೆ ತಿರುಗಿದ, ತಿರುಗುತ್ತ ತಿರುಗುತ್ತ ನೆಲ ಕೊರೆದುಕೊಂಡು ಪಾತಾಳಕ್ಕಿಳಿದ. ಮೇಲೆ ಉಳಿದದ್ದು ಸುಟ್ಟ ಮೀಸೆಯ ವಾಸನೆ. ಚೆಂಡು ಯಾವ ಅವಸರವೂ ಇಲ್ಲದೆ ಬಂದು ಬೊಮ್ಮಕ್ಕನ ಕೈಯಲ್ಲಿ ಕೂತಿತು.

ಯಾರೂ ನಗಲಿಲ್ಲ. ಜೇನುಗಿರಿಯೆಲ್ಲ ಎದ್ದು ನಿಂತು ಹೋ ಎಂದು ಕೂಗಿತು. ಗಿಳಿಗಳ ಹಿಂಡು ಇಳಿದು ತೊರೆಸಾಲಿನ ಜನವಾಯಿತು. ಗಿಳಿಯಾದವರಿಗೆ ವಯಸ್ಸಾಗುವುದಿಲ್ಲ; ನರೆತ ಮಕ್ಕಳ ಮುಂದೆ ಕಪ್ಪು ಕೂದಲಿನ ಅವ್ವ ಬಂದು ನಿಂತಳು. ಇಬ್ಬರನ್ನೂ ಅಪ್ಪಿಕೊಂಡು ಅತ್ತಳು, ನಕ್ಕಳು. ಆಮೇಲೆ ಓಬಯ್ಯನ ಬಲಗೈ ನೀವುತ್ತ ಕೇಳಿದಳು:

"ಆ ಕಡೇ ಚೆಂಡು ನಂದಲ್ವೇನೋ?"

"ನಿಂದೇ ಅವ್ವ. ಎಸೆದೋನು ನಾನು. ಇಷ್ಟು ವರುಷ ಬಿಡದೆ ಕೇಳಿದೋಳು ಅಕ್ಕ."

ಓಬಯ್ಯ ತನ್ನ ತೋಳಬಂದಿ ಬಿಚ್ಚಿ, ರಾಣಿಯ ಎದುರಿಗೇ ಅಕ್ಕನ ತೋಳಿಗೆ ತೊಡಿಸಿದ. ಆಮೇಲೆ ಅವನ ಬಲಗೈ ಚೆಂಡು ಹಿಡಿಯಲಿಲ್ಲ, ತೊರೆಸಾಲಿನ ಅಂಗಳದಲ್ಲಿ ಅವ್ವನ ಅಡುಗೆಯನ್ನು ಕಲಸಿ ಉಂಡಿತು. ಜೇನುಗಿರಿಯವರು ಸುಖವಾಗಿದ್ದರು. ಜೋಳದ ಹೊಲದ ಗಿಳಿಗಳೂ ಸುಖವಾಗಿದ್ದವು, ಯಾಕೆಂದರೆ ಆ ನಾಡಿನಲ್ಲಿ ತಾಗುವ ಹಾಗೆ ಕಲ್ಲೆಸೆಯುವುದು ಎಲ್ಲರಿಗೂ ಮರೆತೇಹೋಗಿತ್ತು.