ಜರ್ಮನಿಗೆ ಹೋದವನ ಗುಗ್ಗರಿ

ಜುಲೈ 9, ಮಂಗಳವಾರ, ಬೆಳಿಗ್ಗೆ 10.20. ಗ್ರೀಸಿನ ಗಡಿಯಾದ ಎವ್ರೊಸ್ ಹೊಳೆಯಿಂದ ನಾಲ್ಕು ಕಿಲೋಮೀಟರ್ ಈಚೆಗಿರುವ ಕಲಾಮಿ ಠಾಣೆಗೆ ಒಬ್ಬ ಪಾಕಿಸ್ತಾನಿ ತಾನಾಗಿಯೇ ನಡೆದು ಬಂದ. ಅಂಥವರನ್ನು ಹಿಡಿದು ತರುವುದು ಆ ಠಾಣೆಯ ದಿನನಿತ್ಯದ ಕೆಲಸ. ಕುರಿಯೇ ಬಂದು ಕಟುಕನ ಬಾಗಿಲು ತಟ್ಟಿದ್ದು ಇದೇ ಮೊದಲು. ಇನ್‌ಸ್ಪೆಕ್ಟರ್ ಝಫೀರಿಸ್ ಕುರ್ಚಿ ತೋರಿಸಿದ.

"ಹೆಸರು?"

"ಇಮ್ತಿಯಾಜ್. ಅಥೆನ್ಸಲ್ಲಿ ಎಂಟು ವರ್ಷದಿಂದ ಇದೀನಿ ಸಾರ್. ಹೋಟೆಲಲ್ಲಿ ಪಾತ್ರೆ ತೊಳೀತೀನಿ."

"ಕಾಗದಪತ್ರ?"

"ಇಲ್ಲ."

"ಪೊಲೀಸರ ಮುಂದೆ ಕೂತು ಇಲ್ಲ ಅಂದ್ರೆ ಏನಾಗುತ್ತೆ, ಗೊತ್ತಲ್ಲ?"

"ಗೊತ್ತು. ಮೊದಲು ನನ್ನ ತಮ್ಮನ ವಿಷಯ ಬರ್ಕೊಳ್ಳಿ. ಆಮೇಲೆ ನನ್ನದು ಬರ್ಕೊಳ್ಳೋರಂತೆ."

ತಮ್ಮನ ಹೆಸರು ವಕಾಸ್, ವಯಸ್ಸು ಇಪ್ಪತ್ಮೂರು. ಮಾರ್ಚಿನಲ್ಲಿ ಹೊಳೆ ದಾಟಿ ಬಂದವನು ಇದೇ ಊರಿನ ಸ್ತೆರ್ಯೋಸ್ ಎಂಬ ರೈತನ ಬೆಳ್ಳುಳ್ಳಿ ಹೊಲದಲ್ಲಿ ಕೆಲಸಕ್ಕೆ ನಿಂತಿದ್ದ. ಜೂನ್ 16ರ ಭಾನುವಾರ ಫೋನ್ ಮಾಡಿದ್ದೇ ಕೊನೆ. ನಾಳೆ ಕೊಟ್ಟಿಗೆಯ ಮೇಲಿನ ತೊಲೆ ಹತ್ತಿ ಬೆಳ್ಳುಳ್ಳಿ ಜಡೆ ತೂಗುಹಾಕಬೇಕು, ಏಣಿ ನೋಡಿದರೆ ಭಯವಾಗುತ್ತದೆ ಎಂದು ನಕ್ಕಿದ್ದನಂತೆ.

"ಅಮ್ಮ ಊರಲ್ಲಿ ಈಗ್ಲೂ ದಿನಾ ಅವನ ಪಾಲಿನ ರೊಟ್ಟಿ ಎತ್ತಿಡ್ತಾಳೆ," ಎಂದ ಇಮ್ತಿಯಾಜ್. "ಬದುಕಿದ್ರೆ ಅವನ ದನಿ ಕೇಳಿಸಿ. ಸತ್ತಿದ್ರೆ ಹೆಣ ಕೊಡಿ. ಹೆಣ ಕಾಣದೆ ಅವಳು ನಂಬೋಳಲ್ಲ."

ಝಫೀರಿಸ್ ಎಫ್‌ಐಆರ್ ದಾಖಲಿಸಿದ. ಡಿಎನ್‌ಎ ಪರೀಕ್ಷೆಗೆಂದು ಇಮ್ತಿಯಾಜನ ಎಂಜಲಿನ ಮಾದರಿ ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿದ. ಆಮೇಲೆ ನಿಯಮದಂತೆ ಅವನನ್ನು ಲಾಕಪ್ಪಿಗೆ ಹಾಕಿಸಿದ. ಮನಸ್ಸಿಗೆ ಹಿತವಾಗಲಿಲ್ಲ, ಆದರೂ ಹಾಕಿಸಿದ.

11.45ಕ್ಕೆ ಕಾನ್‌ಸ್ಟೆಬಲ್ ಅರ್ಗಿರೊಳನ್ನು ಕರೆದುಕೊಂಡು ಸ್ತೆರ್ಯೋಸನ ಮನೆಗೆ ಹೋದ. ಅರ್ಗಿರೊ ಇದೇ ಊರಿನ ಹುಡುಗಿ. ಅರವತ್ತೆಂಟರ ಸ್ತೆರ್ಯೋಸ್ ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಜಡೆ ಹೆಣೆಯುತ್ತಿದ್ದ. ಅವನ ಮಗ ಲೆಫ್ತೆರಿಸ್ ಗಡಿ ಕಾವಲು ಪಡೆಯ ಸಮವಸ್ತ್ರದಲ್ಲೇ ಊಟಕ್ಕೆ ಕೂತಿದ್ದ. ಮಗ ಹೊಳೆದಂಡೆಯಲ್ಲಿ ತಡೆಯುತ್ತಿದ್ದ, ತಪ್ಪಿಸಿಕೊಂಡು ಬಂದವರನ್ನು ಅಪ್ಪ ಹೊಲದಲ್ಲಿ ದುಡಿಸುತ್ತಿದ್ದ. ಇದು ಇಡೀ ಊರಿಗೆ ಗೊತ್ತಿತ್ತು, ಝಫೀರಿಸನಿಗೂ.

"ವಕಾಸ್ ಅಂತ ಒಬ್ಬ ಇದ್ನಾ, ಸ್ತೆರ್ಯೋಸಣ್ಣ?"

"ಆ ಹೆಸರೇ ಕೇಳಿಲ್ಲ. ವಾಸಿಲಿ ಅಂತ ಒಬ್ಬ ಇದ್ದ. ಬರೋರಿಗೆಲ್ಲ ನಾವು ವಾಸಿಲಿ ಅಂತ್ಲೇ ಹೆಸರಿಡ್ತೀವಿ, ನಾಲಿಗೆಗೆ ಸುಲಭ."

"ಈಗೆಲ್ಲಿ?"

"ಜರ್ಮನಿಗೆ ಹೋದ. ಜೂನ್ ಕೊನೇಲಿ. ಎಲ್ರೂ ಅಲ್ಲಿಗೇ ತಾನೆ ಹೋಗೋದು?"

ಅವನ ಹೆಂಡತಿ ದೊಮ್ನಾ ನೀರು ತಂದಿಟ್ಟಳು. ಲೋಟ ಇಟ್ಟವಳೇ ಒಳಗೆ ಹೋದಳು.

ಅಲ್ಲಿಂದ ಚೌಕದ ಕಾಫಿ ಅಂಗಡಿಗೆ ಹೋದರು. ಇನ್‌ಸ್ಪೆಕ್ಟರ್ ಪಾಕಿಸ್ತಾನಿಯೊಬ್ಬನ ಬಗ್ಗೆ ಕೇಳಿದ್ದೇ ತಡ, ಉತ್ತರವೊಂದನ್ನು ಬಿಟ್ಟು ಉಳಿದೆಲ್ಲ ಮಾತೂ ಹೊರಬಿತ್ತು.

"ಗಡಿ ಬೇಲಿ ಇನ್ನೂ ಹತ್ತಡಿ ಎತ್ರ ಮಾಡ್ಬೇಕು," ಎಂದ ಗಿರಣಿಯವನು. "ಊರು ನಮ್ಮದಾಗಿ ಉಳಿಯಲ್ಲ."

"ಮಾಡಪ್ಪಾ ಮಾಡು," ಎಂದ ಟ್ರ್ಯಾಕ್ಟರಿನವನು. "ಬೆಳ್ಳುಳ್ಳಿ ಕೀಳೋಕೆ ನಿನ್ನ ಮಗ ಸ್ಟುಟ್‌ಗಾರ್ಟಿಂದ ಇಳಿದು ಬರ್ತಾನಾ?"

"ನನ್ನ ಮಗನ ಸುದ್ದಿ ಯಾಕೆ? ಅವನು ಕಾಗದ ಇಟ್ಕೊಂಡು ಹೋದೋನು."

"ನಿಮ್ಮಪ್ಪ ಬೆಲ್ಜಿಯಂ ಗಣಿಗೆ ಹೋದಾಗ ಕಾಗದ ಇತ್ತಾ?"

"ಕಾನೂನು ಅಂದ್ಮೇಲೆ ಕಾನೂನು."

"ಹೌದೌದು. ಕೊಯ್ಲು ಮುಗಿದ್ಮೇಲೆ ನಿಂಗೆ ಕಾನೂನು ನೆನಪಾಗುತ್ತೆ. ಹೋದ ವಾರ ನಿನ್ನ ಹೊಲದಲ್ಲಿ ಬಗ್ಗಿದ್ದೋರು ಏನು, ದೇವದೂತರಾ?"

ಎಲ್ಲರೂ ನಕ್ಕರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ವಾಸಿಲಿಯನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಝಫೀರಿಸ್ ಕೇಳಿದಾಗ ಎಲ್ಲರ ಕಣ್ಣೂ ಕಾಫಿ ಲೋಟದ ತಳಕ್ಕಿಳಿಯಿತು.

ಜೀಪು ಹತ್ತುವಾಗ ಅರ್ಗಿರೊ ನಿಂತಳು. "ಸಾರ್, ಜೂನ್ 22 ಆತ್ಮಗಳ ಶನಿವಾರ. ನಮ್ಮಮ್ಮನ ಹೆಸರಿಗೆ ಗುಗ್ಗರಿ ತಗೊಂಡು ನಾನೂ ಚರ್ಚಿಗೆ ಹೋಗಿದ್ದೆ. ಸತ್ತೋರ ಹೆಸರು ಓದ್ತಾ ಫಾದರ್ ಒಂದು ಚೀಟಿ ಹತ್ರ ತಡವರಿಸಿದ್ರು. ನೀರು ಕುಡಿದು ಮುಂದಿನದಕ್ಕೆ ಹೋದ್ರು. ನಲವತ್ತು ವರ್ಷದಿಂದ ಓದೋರು, ಯಾವತ್ತೂ ತಡವರಿಸಿದೋರಲ್ಲ."

ವರ್ಷಕ್ಕೆ ಕೆಲವು ಸಲ ಬರುವ ಆ ಶನಿವಾರಗಳಂದು ಹೆಂಗಸರು ಗೋಧಿ ಬೇಯಿಸಿ, ಸಕ್ಕರೆ ಉದುರಿಸಿ, ತಮ್ಮ ಮನೆಯ ಸತ್ತವರ ಹೆಸರಿನ ಚೀಟಿ ಜೊತೆಗಿಟ್ಟು ಚರ್ಚಿಗೆ ಒಯ್ಯುತ್ತಾರೆ. ಕಲಾಮಿಯ ಪಾದ್ರಿ ಕೊಸ್ಮಾಸ್ ಆ ಚೀಟಿಗಳನ್ನು ನಲವತ್ತು ದಿನ ಡಬ್ಬಿಯಲ್ಲಿಟ್ಟು ಆಮೇಲೆ ಸುಡುತ್ತಿದ್ದರು. ಮಧ್ಯಾಹ್ನ 1.10ಕ್ಕೆ ಆ ಡಬ್ಬಿ ಮೇಜಿನ ಮೇಲೆ ಬಂತು.

"ತಡವರಿಸಿದ್ದು ನಿಜ," ಎಂದರು ಕೊಸ್ಮಾಸ್. "ನಮ್ಮ ದೀಕ್ಷಾಸ್ನಾನ ಆಗದೋರ ಹೆಸರು ಅಲ್ಲಿ ಓದೋ ಹಾಗಿಲ್ಲ. ಹಾಗಂತ ಬಿಡೋಕೂ ಮನಸ್ಸು ಬರ್ಲಿಲ್ಲ. ಬಾಯೊಳಗೇ ಹೇಳ್ಕೊಂಡೆ."

"ಯಾರು ಸತ್ರು ಅಂತ ಕೇಳ್ಲಿಲ್ವಾ, ಫಾದರ್?"

"ಈ ಊರಲ್ಲಿ ಯಾರೂ ಕೇಳಲ್ಲಪ್ಪ. ನಾನೂ ಕೇಳ್ಲಿಲ್ಲ."

ಚೀಟಿಯಲ್ಲಿ ನೀಲಿ ಶಾಯಿಯ ಗುಂಡು ಅಕ್ಷರಗಳು: ಸ್ತಿಲಿಯಾನೊಸ್, ಕಿರಿಯಾಕಿ, ಅಥನಾಸಿಯೊಸ್, ವಕಾಸ್. ಮೊದಲ ಮೂವರು ದೊಮ್ನಾಳ ಅಪ್ಪ, ಅಮ್ಮ, ಅಣ್ಣ.

2.30ಕ್ಕೆ ದೊಮ್ನಾಳನ್ನು ಠಾಣೆಗೆ ಕರೆಸಿದರು. ಝಫೀರಿಸ್ ಚೀಟಿಯನ್ನು ಅವಳ ಮುಂದಿಟ್ಟ.

"ಇದು ನಿಮ್ಮ ಕೈಬರಹವಾ, ದೊಮ್ನಕ್ಕ?"

"ಹೌದು."

"ಜೂನ್ ಕೊನೇಲಿ ಜರ್ಮನಿಗೆ ಹೊರಟೋನಿಗೆ ಜೂನ್ 22ಕ್ಕೇ ಯಾಕೆ ಗುಗ್ಗರಿ ಬೇಯಿಸಿದ್ರಿ?"

ಅವಳು ಚೀಟಿಯನ್ನು ತನ್ನತ್ತ ಎಳೆದುಕೊಂಡಳು.

"ವಾಸಿಲಿ ಅಂತ ಬರೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದು ಅರ್ಗಿರೊ ಮೆಲ್ಲಗೆ ಹೇಳಿದಳು.

"ಅದು ನಾವಿಟ್ಟ ಹೆಸರಮ್ಮ," ಎಂದಳು ದೊಮ್ನಾ. "ಸುಳ್ಳು ಹೆಸರು ಬರೆದ್ರೆ ಮೇಲಿರೋನಿಗೆ ಹೇಗೆ ಗೊತ್ತಾಗ್ಬೇಕು ಯಾರು ಬಂದ್ರು ಅಂತ?"

ಆಮೇಲೆ ಹೇಳಿಕೆ ತಡೆಯಿಲ್ಲದೆ ಬಂತು. ಜೂನ್ 17, ಮಧ್ಯಾಹ್ನ ಮೂರಕ್ಕೆ ಏಣಿಯ ಮೆಟ್ಟಿಲು ಮುರಿದು ಹುಡುಗ ತೊಲೆಯಿಂದ ಬಿದ್ದ. ಪಕ್ಕೆಲುಬು ಮುರಿದಿತ್ತು, ಕಿವಿಯಿಂದ ರಕ್ತ ಬರುತ್ತಿತ್ತು. ಅವಳು ಆಂಬುಲೆನ್ಸಿಗೆ ಫೋನ್ ಮಾಡಲು ಹೋದಳು, ಸ್ತೆರ್ಯೋಸ್ ಫೋನ್ ಕಿತ್ತುಕೊಂಡ. ಹುಡುಗ ಸಂಜೆ ಏಳರವರೆಗೂ ಬದುಕಿದ್ದ.

"ನೀರು ಕೇಳ್ದ, ಕೊಟ್ಟೆ. ಅಮ್ಮಾ ಅಂತಿದ್ದ. ನನ್ನನ್ನೋ ಅವನ ಅಮ್ಮನನ್ನೋ ಗೊತ್ತಾಗ್ಲಿಲ್ಲ."

ಹೊಳೆದಂಡೆಯ ಹೊಲಕ್ಕೆ ಹೋಗಲು ಸ್ತೆರ್ಯೋಸನಿಗೆ ಪಾಸು ಇತ್ತು. ಮರುದಿನ ಬೆಳಕು ಹರಿಯುತ್ತಲೇ ಟ್ರ್ಯಾಕ್ಟರಿನಲ್ಲಿ ಬೆಳ್ಳುಳ್ಳಿ ಸೊಪ್ಪಿನಡಿ ಹೆಣ ಸಾಗಿಸಿ ಜೊಂಡಿನ ನಡುವೆ ನೀರಿಗೆ ಬಿಟ್ಟ. ಆ ಹೊಳೆಯಲ್ಲಿ ಸಿಕ್ಕ ಹೆಣ ಯಾರದು ಎಂದು ಯಾರೂ ಕೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಎಣಿಕೆ ತಪ್ಪಿರಲಿಲ್ಲ. ಝಫೀರಿಸ್ ಕಪಾಟಿನಿಂದ ಜೂನ್ 26ರ ಕಡತ ತೆಗೆದ. ಹನ್ನೆರಡು ಕಿಲೋಮೀಟರ್ ಕೆಳಗೆ ಸಿಕ್ಕ ಅಪರಿಚಿತ ಶವ, ಮುರಿದ ಪಕ್ಕೆಲುಬು. ಕಾರಣದ ಜಾಗದಲ್ಲಿ "ಅಕ್ರಮವಾಗಿ ದಾಟುವಾಗ ಮುಳುಗಿ ಸಾವು, ಬಂಡೆಗೆ ಬಡಿದ ಗಾಯ" ಎಂದಿತ್ತು. ಆ ಹೊಳೆಯಲ್ಲಿ ಬಂಡೆಯೇ ಇಲ್ಲ. ಆರು ವರ್ಷದಿಂದ ಅದರ ದಂಡೆಯಲ್ಲೇ ಓಡಾಡಿದ ಝಫೀರಿಸನಿಗೆ ಅದು ಗೊತ್ತಿತ್ತು. ಕೆಳಗಿದ್ದ ಸಹಿ ಅವನದೇ. ಅವನಿಗೆ ನಾಚಿಕೆಯಾಯಿತು. ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ಸಂಜೆ 5ಕ್ಕೆ ಪಂಚರ ಸಮಕ್ಷಮ ಕೊಟ್ಟಿಗೆಯ ಪಂಚನಾಮೆ ನಡೆಯಿತು. ಮುರಿದ ಏಣಿ ಸಿಕ್ಕಿತು, ಹುಲ್ಲಿನ ಕೆಳಗೆ ಕಂದುಗಟ್ಟಿದ ನೆಲ ಸಿಕ್ಕಿತು. ಪಂಚನಾಗಿ ಸಹಿ ಹಾಕಿದ ಗಿರಣಿಯವನು ಯಾರ ಮುಖವನ್ನೂ ನೋಡಲಿಲ್ಲ. 6.15ಕ್ಕೆ ಸ್ತೆರ್ಯೋಸನನ್ನು ಬಂಧಿಸಲಾಯಿತು. ಹೆಣೆಯುತ್ತಿದ್ದ ಜಡೆಯ ತುದಿಯನ್ನು ಅವನು ಗಂಟು ಹಾಕಿಯೇ ಎದ್ದ.

"ಯಾಕೆ ಸ್ತೆರ್ಯೋಸಣ್ಣ? ನಾಲ್ಕು ಗಂಟೆ ಹೊತ್ತು ಬದುಕಿದ್ದ."

"ನಾನು ಕೊಂದಿಲ್ಲ. ಕಾದೆ, ಅಷ್ಟೆ."

"ಏನಕ್ಕೆ ಕಾದ್ರಿ?"

"ಆಂಬುಲೆನ್ಸ್ ಬಂದ್ರೆ ನೀವು ಬರ್ತಿದ್ರಿ. ಗಡಿ ಕಾಯೋನ ಮನೇಲೇ ಇಂಥವರು ಅಂತ ಪೇಪರ್ನಲ್ಲಿ ಬಂದ್ರೆ ಮಗನ ಕೆಲ್ಸ ಉಳೀತಿತ್ತಾ? ಆ ಕೆಲ್ಸ ಹೋದ್ರೆ ಅವನೂ ಜರ್ಮನಿಗೆ ಹೊರಟುಬಿಡ್ತಾನೆ. ಹಿರೇಮಗ ಹೋಗಿ ಹನ್ನೊಂದು ವರ್ಷ ಆಯ್ತು, ಮನೆ ಕಡೆ ತಿರುಗಿ ನೋಡಿಲ್ಲ."

ಹೇಳಿಕೆಯಲ್ಲಿ ಝಫೀರಿಸ್ ಇದನ್ನು ಇದ್ದ ಹಾಗೆ ಬರೆದುಕೊಂಡ. ವಕಾಸನಂಥವರು ಒಳಗೆ ಬಾರದಂತೆ ತಡೆಯುವ ಕೆಲಸವೊಂದನ್ನು ಉಳಿಸಲು ವಕಾಸ್ ಸತ್ತಿದ್ದ. ಮುದುಕನಲ್ಲಿ ದ್ವೇಷವೇನೂ ಕಾಣಲಿಲ್ಲ. ಮಗ ಮನೆಯಲ್ಲಿ ಉಳಿಯಬೇಕೆಂಬ ಆಸೆ ಮಾತ್ರ ಇತ್ತು.

ಜುಲೈ 19ರ ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಗುಡ್ಡದ ಮೇಲಿನ ಹೆಸರಿಲ್ಲದವರ ಸ್ಮಶಾನದಲ್ಲಿ 31ನೇ ಸಂಖ್ಯೆಯಡಿ ಹೂತಿದ್ದ ಶವ ವಕಾಸನದೇ. ಅಷ್ಟು ಹೊತ್ತಿಗೆ ಸ್ತೆರ್ಯೋಸ್ ಜಾಮೀನಿನ ಮೇಲೆ ಮನೆಗೆ ಬಂದಿದ್ದ. ಕೊಯ್ಲು ಮುಗಿಸಲು ಅವನ ಹೊಲದಲ್ಲಿ ಹೊಸಬರು ಬಗ್ಗಿದ್ದರು. ಅವರಲ್ಲೂ ಒಬ್ಬ ವಾಸಿಲಿ ಇದ್ದನಂತೆ.

ಅದೇ ದಿನ ಇಮ್ತಿಯಾಜನನ್ನು ಗಡಿಪಾರು ಶಿಬಿರಕ್ಕೆ ಕಳಿಸುವ ಆದೇಶವೂ ಬಂತು.

"ಹೆಣ ತಗೊಂಡು ಹೋಗ್ಬಹುದಾ ಸಾರ್?"

"ಹೂತಿರೋದನ್ನ ತೆಗೆಸೋಕೆ ಸಂಬಂಧಿಕರು ಅರ್ಜಿ ಹಾಕ್ಬೇಕು. ಇಲ್ಲಿ ವಾಸ ಇರೋ ಕಾಗದ ಇದ್ದೋರು."

"ಅಂಥೋರು ನಮ್ಮಲ್ಲಿ ಯಾರೂ ಇಲ್ಲ."

"ಗೊತ್ತು."

ಇಮ್ತಿಯಾಜ್ ಒಂದೇ ಒಂದು ಫೋನ್ ಮಾಡಬೇಕೆಂದ. ಝಫೀರಿಸ್ ತನ್ನ ಫೋನನ್ನೇ ಕೊಟ್ಟ. ಆ ಕಡೆ ಮುದುಕಿಯ ದನಿ ಒಂದೇ ಉಸಿರಿಗೆ ಏನೋ ಕೇಳಿತು. ಇಮ್ತಿಯಾಜ್ ಗೋಡೆಗೆ ಮುಖ ಮಾಡಿ ನಿಂತು, ನಗುವವನ ಹಾಗೆ ಮಾತಾಡಿದ. ಅವರ ಭಾಷೆ ಝಫೀರಿಸನಿಗೆ ಬರುತ್ತಿರಲಿಲ್ಲ. ತಮ್ಮನ ಹೆಸರು ತಿಳಿಯಿತು. ಅದಾದ ಮೇಲೆ ಬಂದ ಇನ್ನೊಂದು ಶಬ್ದವೂ ತಿಳಿಯಿತು: ಜರ್ಮನಿ.