ಜೋಕಿಮನ ಬಂದೂಕು

"ಬಾಯಮ್ಮನ ಎದುರು ಬೇರೆ ಏನು ಬೇಕಾದ್ರೂ ಮಾತಾಡಿ ಸಾರ್. ಸುಳ್ಳು ಒಂದು ಹೇಳ್ಬೇಡಿ," ಎಂದ ಡ್ರೈವರ್ ಶಿಹಾಬ್.

ಧೂಳು ಎದ್ದು ಮಧ್ಯಾಹ್ನವೇ ಕತ್ತಲಾಗಿತ್ತು. ಹೆಡ್‌ಲೈಟ್ ಹಾಕಿಕೊಂಡು ಕಾರು ಆ ಅರಬ್ ನಗರದ ಸಲ್ವಾ ಬಡಾವಣೆಯ ಕಡೆ ತೆವಳುತ್ತಿತ್ತು. ಕಿಟಕಿ ಮುಚ್ಚಿದ್ದರೂ ಬಾಯಲ್ಲಿ ಮಣ್ಣಿನ ರುಚಿ.

"ಹೇಳಿದ್ರ ಏನಾಕ್ಕೈತಿ?" ಹಿಂದಿನ ಸೀಟಿನಲ್ಲಿದ್ದ ಬಸವಂತ ನಕ್ಕ.

"ಅವ್ರಿಗೆ ವಿದ್ಯೆ ಗೊತ್ತುಂಟು. ದೃಷ್ಟಿ ತೆಗೆಸ್ಲಿಕ್ಕೆ ಜಾಬ್ರಿಯಾ ಆಸ್ಪತ್ರೆಯ ನರ್ಸುಗಳು ಸಹ ಬರ್ತಾರೆ. ತೆಗೀಲಿಕ್ಕೆ ಗೊತ್ತಿದ್ದವರಿಗೆ ಹಾಕ್ಲಿಕ್ಕೂ ಗೊತ್ತಿರ್ತದೆ."

"ಶಿಹಾಬ್ ಭಾಯಿ, ಸಮುದ್ರ ದಾಟಿ ಬಂದ್ರೂ ಮಾಟ ಬಿಡಲಿಲ್ಲಲ್ಲ ನೀವು! ಅದಕ್ಕ ಇಲ್ಲಿರಾಕ ಇಕಾಮಾ ಕೊಟ್ಟವ್ರ ಯಾರು?"

ಶಿಹಾಬ್ ನಗಲಿಲ್ಲ.

ಬಸವಂತ ಬಾಗಲಕೋಟೆ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್. ಅವನಿಗೆ ವೀಸಾ ಕೊಟ್ಟ ಧಣಿ, ಕಫೀಲ್ ಅಬು ಫಹದ್‌ಗೆ ಹಳೆಯ ಸೈನ್ಯದ ಬಂದೂಕುಗಳೆಂದರೆ ಪ್ರಾಣ. ಪರವಾನಗಿ ಪಡೆದು ಮನೆಯಲ್ಲೇ ಮ್ಯೂಸಿಯಂ ಕಟ್ಟಿದ್ದ. ಇದು ಇಂಥ ಯುದ್ಧದ್ದು, ಇಂಥ ವೀರನದ್ದು ಎಂದು ಕತೆ ಕಟ್ಟಿ ಮಾರಲು ಬರುವವರು ದಂಡಿಯಾಗಿದ್ದರು. ಅವರ ಕತೆ ಒಡೆಯುವುದೇ ಬಸವಂತನ ಕೆಲಸ. ನಳಿಗೆಯ ನಂಬರು ಬೋಲ್ಟಿಗೆ ಹೊಂದುತ್ತದೆಯೇ, ಪಲ್ಟನ್ನಿನ ಬಿಲ್ಲೆಯ ಸ್ಕ್ರೂ ಮೇಲೆ ಹೊಸ ಗೀರು ಇದೆಯೇ, ಮರಕ್ಕೆ ಚಹಾದ ನೀರು ಹಚ್ಚಿ ಹಳತು ಮಾಡಿದ್ದಾರೆಯೇ, ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವನಿಗೇ ಮಾಡಿಸಿದಂತಿತ್ತು. ಒಳ್ಳೆಯ ಗುಣವೇ. ಆದರೆ ಒಮ್ಮೆಯೂ ತಪ್ಪದವನಿಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸವೂ ಇರುವುದಿಲ್ಲ.

ಸಲ್ವಾದಲ್ಲಿ ಅವರು ಹೊರಟಿದ್ದ ಮನೆಯ ಯಜಮಾನ ತೀರಿಕೊಂಡಿದ್ದ. ಮಕ್ಕಳು ಸಾಮಾನು ಮಾರುತ್ತಿದ್ದರು. ಗಂಡಸರು ಕೂರುವ ಪಡಸಾಲೆ ದಿವಾನಿಯಾದ ನಡುವೆ, ಕಾರ್ಪೆಟ್ಟಿನ ಮೇಲೆ, ಒಂದು ಹಳೆಯ ಲೀ-ಎನ್‌ಫೀಲ್ಡ್ ಬಂದೂಕು ಮಲಗಿತ್ತು. ಕೆಂಡದ ಬಟ್ಟಲಿನಿಂದ ಎದ್ದ ಊದಿನ ಹೊಗೆ ಮಂದವಾಗಿ ತುಂಬಿತ್ತು. ಅಬು ಫಹದ್ ದಿಂಬಿಗೊರಗಿ ಕಾಯುತ್ತಿದ್ದ. ಬಾಗಿಲ ಬಳಿ ಮುದುಕಿಯೊಬ್ಬಳು ನಿಂತಿದ್ದಳು: ಶಿಹಾಬ್ ಹೇಳಿದ ಬಾಯಮ್ಮ, ಅಪೊಲೋನಿಯಾ. ಕುಂದಾಪುರದವಳು, ಹರೆಯದಿಂದ ಈ ಮನೆಯಲ್ಲೇ ದುಡಿದವಳು.

ಬಸವಂತ ಬಂದೂಕು ಎತ್ತಿ ನೋಡಿದ. ಮುಗುಳ್ನಕ್ಕ. "ನಳಿಗೆ ಒಂದರದ್ದು, ಬೋಲ್ಟ್ ಇನ್ನೊಂದರದ್ದು. ಬಿಲ್ಲೆ ಮೂರನೆಯದರದ್ದು. ಬಜಾರಿನಲ್ಲಿ ಜೋಡಿಸಿದ ಮಾಲು. ಇದರ ಜೊತೆ ಬರುವ ಕತೆ ಯಾವುದಾದರೂ ಇರಲಿ, ಸುಳ್ಳು," ಎಂದು ಅರಬಿಯಲ್ಲಿ ತೀರ್ಪು ಕೊಟ್ಟ.

"ಸುಳ್ಳಲ್ಲ ಮಗಾ," ಅಪೊಲೋನಿಯಾ ಕನ್ನಡದಲ್ಲಿ ಅವನಿಗೆ ಹೇಳಿದಳು. "ಬಂದೂಕು ಎಲ್ಲಿಂದ ಬಂತೋ ನಂಗೊತ್ತಿಲ್ಲ. ಇರಾಕಿನ ಸೈನ್ಯ ಈ ದೇಶಕ್ಕೆ ನುಗ್ಗಿದ ವರ್ಷ ನನ್ನ ಗಂಡ ಜೋಕಿಂ ಇದನ್ನೇ ಹಿಡ್ಕೊಂಡು ಗೇಟಲ್ಲಿ ನಿಂತದ್ದು. ವಾಚ್‌ಮನ್ ಅವ್ರು. ಬಂದೂಕು ಸಿಕ್ಕಿತು, ಹೆಣ ಸಿಕ್ಕಲಿಲ್ಲ. ಸಮಾಧಿಯೂ ಇಲ್ಲ. ಇದನ್ನು ಗೋಡೆಗೆ ಹಾಕುವಾಗ ಕೆಳಗೆ ಅವ್ರ ಹೆಸರು ಬರೀಲಿಕ್ಕೆ ಹೇಳು. ನಂಗೆ ದುಡ್ಡು ಬೇಡ."

"ಸಾಕ್ಷಿ ಏನೈತಿ?"

"ಹಿಂದಿನ ಹಿತ್ತಾಳೆ ಬಾಗಿಲು ತೆಗಿ. ನನ್ನ ಜಪಸರದ ಶಿಲುಬೆ ಉಂಟು. ಹೋಗುವಾಗ ನನ್ನ ಕೈಯಿಂದ ತಕ್ಕೊಂಡು ಅದ್ರಲ್ಲಿ ಇಟ್ಟದ್ದು."

ಭುಜಕ್ಕೆ ಆನಿಸುವ ಮರದ ತುದಿಯಲ್ಲಿ, ಸಿಪಾಯಿಗಳು ಎಣ್ಣೆಯ ಸೀಸೆ ಇಡುತ್ತಿದ್ದ ಗೂಡಿಗೆ, ಪುಟ್ಟ ಹಿತ್ತಾಳೆ ಮುಚ್ಚಳವಿತ್ತು. ಬಸವಂತ ಉಗುರಿನಿಂದ ಎತ್ತಿದ. ಹಳೆಯ ಎಣ್ಣೆಯ ಕಮಟು ವಾಸನೆ. ಬೆರಳು ಹಾಕಿದ. ತಣ್ಣಗೆ ಏನೋ ತಗುಲಿತು. ಶಿಲುಬೆ.

ಅಬು ಫಹದ್ ನೋಡುತ್ತಿದ್ದ. ಶಿಹಾಬ್ ನೋಡುತ್ತಿದ್ದ. ಈಗಷ್ಟೇ ಸುಳ್ಳು ಎಂದಿದ್ದಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಸವಂತ ಶಿಲುಬೆಯನ್ನು ಅಂಗೈಯಲ್ಲಿ ಅಡಗಿಸಿ, ಬರಿದಾದ ಗೂಡನ್ನು ಎಲ್ಲರಿಗೂ ತೋರಿಸಿದ. "ಖಾಲಿ. ಮುದುಕಿ ಸುಳ್ಳು ಹೇಳುತ್ತಾಳೆ."

ಎಂಥ ನೀಚ ಕೆಲಸ! ಒಂದು ಹೆಸರು ಬರೆಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಅಪೊಲೋನಿಯಾ ಅವನ ಮುಚ್ಚಿದ ಮುಷ್ಟಿಯನ್ನೇ ನೋಡಿದಳು. ಒಳಗೆ ಹೋಗಿ ಎಡಗೈಯಲ್ಲಿ ಉಪ್ಪು, ಒಣಮೆಣಸು ತಂದಳು. ಯಾರೂ ತಡೆಯುವ ಮೊದಲೇ ಅವನ ಸುತ್ತ ಉಲ್ಟಾ ದಿಕ್ಕಿನಲ್ಲಿ ನಿವಾಳಿಸಿ, ಊದಿನ ಕೆಂಡಕ್ಕೆ ಹಾಕಿದಳು. "ನನ್ನ ಗಂಡನನ್ನು ಯಾರೂ ಅಲ್ಲ ಅಂತ ಮಾಡಿದಿ. ನೀನೂ ಯಾರೂ ಅಲ್ಲದೆ ಹೋಗು."

ಉಪ್ಪು ಚಟಚಟ ಸಿಡಿಯಿತು. ಘಾಟಿಗೆ ಅಬು ಫಹದ್ ಕೆಮ್ಮಿದ. ಶಿಹಾಬ್ ಕಣ್ಣುಜ್ಜಿಕೊಂಡು ಹೊರಗೋಡಿದ. ಬಸವಂತನೊಬ್ಬನಿಗೆ ಯಾವ ವಾಸನೆಯೂ ಬರಲಿಲ್ಲ.

ಅವನು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ.

"ಯಾರು ನೀನು?" ಅಬು ಫಹದ್ ಗದರಿದ. "ಒಳಗೆ ಬಿಟ್ಟವರು ಯಾರು? ಬಸವಂತ ಎಲ್ಲಿ?"

ಬಸವಂತ ತಮಾಷೆ ಎಂದುಕೊಂಡ. ಮನೆಯವರು ರಟ್ಟೆ ಹಿಡಿದು ಗೇಟಿನ ಹೊರಗೆ ದಬ್ಬಿದರು. ಕಾರಿನ ಕಿಟಕಿ ಬಡಿದ. ಶಿಹಾಬ್ ಗಾಜು ಚೂರೇ ಇಳಿಸಿ, "ನಮ್ಮ ಸಾರ್ ಇನ್ನೂ ಒಳಗಿದ್ದಾರೆ. ನೀವು ಯಾರು?" ಎಂದ.

ಟ್ಯಾಕ್ಸಿ ಹಿಡಿದು ತನ್ನ ಮನೆಯಿದ್ದ ಖೈತಾನ್ ಮುಟ್ಟಿದ. ಧೂಳು ಇನ್ನೂ ಇಳಿದಿರಲಿಲ್ಲ. ಮೆಟ್ಟಿಲು ಕತ್ತಲು. ಬೆಲ್ ಒತ್ತಿದ. ಸರಪಳಿ ಹಾಕಿಯೇ ಬಾಗಿಲು ತೆರೆಯಿತು. ಅವನ ಹೆಂಡತಿ ಕಾಂಚನಾ.

"ಯಾರ್ರೀ? ನಮ್ಮನಿಯವ್ರು ಇನ್ನೂ ಬಂದಿಲ್ಲ."

"ಕಾಂಚನಾ, ನಾನಽ!"

ಅವಳು ಹೆದರಿ ಹಿಂದೆ ಸರಿದಳು. ಅವನು ಗುರುತಿನ ಕಾರ್ಡ್ ಚಾಚಿದ. ಅವಳು ನೋಡಿದಳು. ಮುಖ ಬಿಳಿಚಿತು. "ಇದು ನಮ್ಮನಿಯವ್ರ ಕಾರ್ಡ್! ನಿಮ್ಮ ಕೈಯಾಗ ಹ್ಯಾಂಗ ಬಂತು? ಅವ್ರಿಗೆ ಏನ್ ಮಾಡೀರಿ?"

ಮೊಣಕೈಯ ಗಾಯದ ಕಲೆ ತೋರಿಸಿದ. ಅಂಥ ಕಲೆ ಯಾರಿಗಾದರೂ ಇರಬಹುದು ಎಂದಳು. ಮದುವೆಯ ದಿನ ಅವಳು ಅತ್ತದ್ದು ಹೇಳಿದ. ಯಾರೋ ಹೇಳಿರಬೇಕು ಎಂದಳು. ಅವಳ ಹಿಂದಿನಿಂದ ಮಗಳು ಸಾಕ್ಷಿ ಇಣುಕಿದಳು. "ಮಮ್ಮಿ, ಹೂ ಈಸ್ ದಿಸ್ ಅಂಕಲ್? ಐ ಆಮ್ ಸ್ಕೇರ್ಡ್."

ಬಾಗಿಲು ಮುಚ್ಚಿತು. ಬಸವಂತ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಮತ್ತೆ ಸಲ್ವಾಕ್ಕೆ ಓಡಿದ. ಹಿಂಬದಿಯ ಪುಟ್ಟ ಕೋಣೆಯ ಬಾಗಿಲಲ್ಲಿ ಅಪೊಲೋನಿಯಾ ಕೂತಿದ್ದಳು.

"ಬಂದಿಯಾ ಬಸವಂತ," ಎಂದಳು.

ತನ್ನ ಹೆಸರು ಕೇಳಿ ಅವನಿಗೆ ಜೀವ ಬಂದಂತಾಯಿತು. ಅವಳ ಕಾಲಿಗೆ ಬಿದ್ದ. ಶಿಲುಬೆಯನ್ನು ಅವಳ ಕೈಗಿಟ್ಟ. "ತಪ್ಪಾತು ಅವ್ವಾ. ತಗದುಬಿಡ್ರಿ."

ಅವಳು ಶಿಲುಬೆಯನ್ನು ಕಣ್ಣಿಗೊತ್ತಿಕೊಂಡಳು. ಬಹಳ ಹೊತ್ತು ಅತ್ತಳು. ಆಮೇಲೆ ಕೋಪವೆಲ್ಲ ಬತ್ತಿದ ದನಿಯಲ್ಲಿ ಹೇಳಿದಳು: "ನಾನು ಬಂದು ನಿನ್ನ ಗುರ್ತು ಹೇಳ್ಬೇಕು. ನಿನ್ನ ಮನೆಯವ್ರು ನನ್ನ ಮಾತು ನಂಬಬೇಕು. ಆಗ ಬಿಡ್ತದೆ. ಬೇರೆ ದಾರಿ ಇಲ್ಲ. ನಡಿ, ಬರ್ತೇನೆ."

ಖೈತಾನಿನ ಮೆಟ್ಟಿಲನ್ನು ಮುದುಕಿ ಏದುಸಿರು ಬಿಡುತ್ತಾ ಹತ್ತಿದಳು. ಸರಪಳಿಯ ಸಂದಿಯಲ್ಲಿ ಕಾಂಚನಾ.

"ಮಗಳೇ, ಇವನು ನಿನ್ನ ಗಂಡನೇ. ದೇವರಾಣೆ. ನಾನು ಸಲ್ವಾದ ಅಪೊಲೋನಿಯಾ."

ಕಾಂಚನಾಳ ಕಣ್ಣು ಅನುಮಾನದಲ್ಲಿ ಅಲುಗಾಡಿತು. ಅವಳು ಅವನನ್ನೇ ದಿಟ್ಟಿಸಿದಳು. ಒಂದು ಕ್ಷಣ ಗುರುತು ಹತ್ತಿದಂತೆ ತುಟಿ ಅದುರಿತು. ಅವಳು ಫೋನೆತ್ತಿ ಶಿಹಾಬ್‌ಗೆ ಹಚ್ಚಿದಳು. "ಭಾಯಿ, ಸಲ್ವಾದ ಅಪೊಲೋನಿಯಾ ಅಂತ ಯಾರೋ ಬಂದಾರ. ನಂಬಬೋದೇನು?"

ಸ್ಪೀಕರಿನಲ್ಲಿ ಶಿಹಾಬನ ದನಿ ಸ್ಪಷ್ಟವಾಗಿ ಕೇಳಿತು. "ಬಾಗಿಲು ತೆಗೀಬೇಡಿ ಅಕ್ಕಾ! ನಾವು ಸಾರನ್ನು ಇನ್ನೂ ಹುಡುಕ್ತಾ ಇದ್ದೇವೆ. ಆ ಬಾಯಮ್ಮ ಸುಳ್ಳು ಹೇಳ್ತಾರೆ ಅಂತ ಸಾರೇ ಇವತ್ತು ಎಲ್ಲರ ಎದುರು ಹೇಳಿದ್ದು. ಗೂಡು ಖಾಲಿ ಇದ್ದದ್ದು ನಾನೇ ಕಣ್ಣಾರೆ ನೋಡಿದೆ."

ಕಾಂಚನಾಳ ಮುಖ ಕಲ್ಲಾಯಿತು.

"ಕೇಳಿದ್ರೇನ್ರೀ?" ಎಂದಳು ಬಸವಂತನಿಗೆ. "ನಮ್ಮನಿಯವ್ರು ಒಮ್ಮೆ ಪರೀಕ್ಷಾ ಮಾಡಿ ಹೇಳಿದ್ರ ಮುಗೀತು. ನಾ ನನ್ನ ಗಂಡನ ಮಾತ ನಂಬ್ತೀನಿ."

ಚಿಲಕ ಬಿತ್ತು.