ನಾಲ್ಕು ಡಿಗ್ರಿಯಲ್ಲಿ ಕಾಣುವ ಗೆರೆ

"ಗೆರೆ ಎಲ್ಲಿದೆ?" ಫೋನ್ ಅಂಗಡಿಯ ಕೌಂಟರಿನ ಆಚೆ ನಿಂತವನು ಕೇಳಿದ.

ಸಾನಾ ಫೋನನ್ನು ಅವನ ಕಡೆಗೆ ತಿರುಗಿಸಿದಳು. ಕೊಂಡು ಒಂದು ವಾರವೂ ಆಗಿರದ ಫೋನು. ಪರದೆ ಈಗ ತಾನೇ ಒರೆಸಿಟ್ಟ ಗಾಜಿನಂತಿತ್ತು.

"ಈಗ ಇಲ್ಲ. ಹೊರಗೆ ಇತ್ತು. ಹಸಿರು ಗೆರೆ, ಮೇಲಿಂದ ಕೆಳಗಿನವರೆಗೂ. ಅದರ ಮೇಲೆ ಬೆರಳಿಟ್ಟರೆ ಏನೂ ಆಗಲ್ಲ."

"ಒಳಗೆ ಬಂದ ಮೇಲೆ ಹೋಯ್ತಾ?"

"ಹೋಯ್ತು."

ಅವನು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ "ಹೂಂ" ಎಂದ. ಔಲು ಪಟ್ಟಣದ ಗಂಡಸರು ಹೀಗೆ ಹೂಂಗುಟ್ಟಿದರೆ ಅದು ಒಪ್ಪಿಗೆಯೂ ಇರಬಹುದು, ಇನ್ನು ಹೊರಡಿ ಎಂಬ ಸೂಚನೆಯೂ ಇರಬಹುದು. ಸಾನಾ ಎರಡನೆಯದೇ ಇರಬೇಕು ಎಂದುಕೊಂಡಳು.

ಅಂಗಿಯ ಮೇಲಿನ ಬಿಲ್ಲೆಯಲ್ಲಿ ಇಲ್ಮರಿ ಎಂದಿತ್ತು. ಅವನು ಫೋನನ್ನು ಅಂಚಿನಲ್ಲಷ್ಟೇ ಹಿಡಿದು, ಪರದೆಯನ್ನು ಪೂರ್ತಿ ಬಿಳಿ ಮಾಡಿದ, ಪೂರ್ತಿ ಕಪ್ಪು ಮಾಡಿದ, ಕೆಂಪು ಮಾಡಿದ. ಬೂದುಗಣ್ಣು ಒಮ್ಮೆಯೂ ಪರದೆ ಬಿಟ್ಟು ಮೇಲೆ ಬರಲಿಲ್ಲ. ಇಷ್ಟು ಗಮನ ಕೊಟ್ಟು ತನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಯಿತು ಎಂಬ ಯೋಚನೆ ಸಾನಾಗೆ ಬಂತು. ತನ್ನ ಮೇಲೇ ಸಿಟ್ಟೂ ಬಂತು.

ಅಷ್ಟರಲ್ಲಿ ಮ್ಯಾನೇಜರ್ ಹೆಂಗಸು ಹತ್ತಿರ ಬಂದಳು. "ಕೈಪಿಡಿಯಲ್ಲೇ ಬರೆದಿದೆ. ಈ ಫೋನ್ ಬಳಸಬೇಕಾದ್ದು ಸೊನ್ನೆಯಿಂದ ಮೂವತ್ತೈದು ಡಿಗ್ರಿಯೊಳಗೆ. ಹೊರಗೆ ಇವತ್ತು ಮೈನಸ್ ಹದಿನೆಂಟು."

"ಹಾಗಾದ್ರೆ ಜೂನ್‌ನಲ್ಲಿ ಮಾರಬೇಕಿತ್ತು. ಜನವರಿಯಲ್ಲಿ ಯಾಕೆ ಮಾರಿದ್ರಿ?"

ಇಲ್ಮರಿಯ ತುಟಿಯ ಒಂದು ಕೊನೆ ಮಾತ್ರ ಅಲುಗಿತು. ಮ್ಯಾನೇಜರ್ ಮುಖದಲ್ಲಿ ಏನೂ ಅಲುಗಲಿಲ್ಲ. "ದೋಷ ನಮ್ಮ ಕಣ್ಣಿಗೆ ಕಾಣಬೇಕು. ಕಾಣದೇ ಇದ್ದರೆ ಇಲ್ಲ ಅಂತಲೇ ಲೆಕ್ಕ."

ಸುಳ್ಳುಗಾತಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ದ್ವೀಪಕ್ಕೆ ಮರಳುವ ದಾರಿಯುದ್ದಕ್ಕೂ ಆ ಪದ ಅವಳ ಕಿವಿಯಲ್ಲಿತ್ತು.

ಸಾನಾ ಮತ್ತು ಅವಳ ಸೋದರಮಾವ ಕಲೆರ್ವೊ ಹೈಲುವೊಟೊ ದ್ವೀಪದವರು. ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಬಲೆ ಹಾಕಿ ಮೀನು ಹಿಡಿಯುತ್ತಾರೆ. ಯಾರಿಗೆ ಎಷ್ಟು ಮೀನು ಬೇಕು ಎಂಬ ಆರ್ಡರ್ ಫೋನಿಗೇ ಬರುತ್ತದೆ, ಅದನ್ನು ಅಲ್ಲೇ ಮಂಜಿನ ಮೇಲೆ ನಿಂತು ನೋಡಿ ಡಬ್ಬಿ ತುಂಬಬೇಕು. ಮನೆಯೊಳಗೆ ಮಾತ್ರ ನಡೆಯುವ ಫೋನು ಅವಳಿಗೆ ಬೇಕಿರಲಿಲ್ಲ. ತಾನು ಕಂಡದ್ದನ್ನು ಕಂಡಿಲ್ಲ ಎನ್ನಿಸಿಕೊಳ್ಳುವುದಂತೂ ಬೇಕೇ ಇರಲಿಲ್ಲ.

"ಬೇರೆ ಫೋನ್ ತಗೊಂಡ್ಬಿಡು," ಎಂದ ಮಾವ.

"ತಗೊಳ್ಳಲ್ಲ. ಅವರು ಈ ಗೆರೆ ನೋಡ್ಬೇಕು."

"ಅವರು ಅಂದ್ರೆ ಎಷ್ಟು ಜನ?"

"ಅಂಗಡಿಯವರು."

"ಹಾಗಲ್ಲ, ನೀನು ಬೆಳಿಗ್ಗೆಯಿಂದ 'ಅವನು ಬಿಳಿ ಮಾಡಿದ, ಅವನು ಕಪ್ಪು ಮಾಡಿದ' ಅಂತಿದೀಯ. ಅದಕ್ಕೆ ಕೇಳ್ದೆ."

ಎರಡನೆಯ ಸಲ ಅವಳು ಫೋಟೋ ಒಯ್ದಳು. ಮಂಜಿನ ಮೇಲೆ ಮಾವನೇ ತನ್ನ ಹಳೆಯ ಫೋನಿನಲ್ಲಿ ತೆಗೆದದ್ದು.

ಮ್ಯಾನೇಜರ್ ಕನ್ನಡಕ ಏರಿಸಿ ನೋಡಿದಳು. "ಇಲ್ಲಿ ಒಂದು ಹೆಬ್ಬೆರಳು ಕಾಣ್ತಿದೆ."

"ಅದು ನಮ್ಮ ಮಾವಂದು."

"ಹೆಬ್ಬೆರಳಿನ ಪಕ್ಕ ಹಸಿರು ಇದೆ," ಎಂದ ಇಲ್ಮರಿ. ಬಲು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. ಆಮೇಲೆ ಗೂಟದಿಂದ ಕೋಟು ತೆಗೆದುಕೊಂಡ. "ಬನ್ನಿ, ಹೊರಗೆ ಹೋಗೋಣ."

ಇಬ್ಬರೂ ಅಂಗಡಿಯ ಮುಂದೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತರು. ಅವನ ಬರಿಗೈ ಮೇಲೆ ಫೋನು. ಒಳಗೆ ಒಂದೊಂದೇ ಮಾತಾಡುತ್ತಿದ್ದವನಿಗೆ ಚಳಿಯಲ್ಲಿ ನಾಲಿಗೆ ಬಂದಂತಿತ್ತು.

"ಗ್ಲೌಸ್ ಹಾಕ್ಕೊಳ್ಳಿ," ಎಂದಳು ಸಾನಾ.

"ಹಾಕ್ಕೊಂಡ್ರೆ ಫೋನ್ ಎಷ್ಟು ತಣ್ಣಗಾಯ್ತು ಅಂತ ಗೊತ್ತಾಗಲ್ಲ."

"ಬೆರಳು ಬಿದ್ದು ಹೋದ್ರೆ ಅದಕ್ಕೂ ವಾರಂಟಿ ಇದೆಯಾ?"

"ಇದೆ. ಸೊನ್ನೆಯಿಂದ ಮೂವತ್ತೈದು ಡಿಗ್ರಿಯೊಳಗೆ ಬಿದ್ದರೆ ಮಾತ್ರ."

ಅವಳು ನಕ್ಕಳು. ಬಾಯಿಂದ ಹೊರಟ ಹಬೆ ಅವನ ಕೆನ್ನೆಗೆ ತಾಗಿತು. ಅವನು ಹಿಂದೆ ಸರಿಯಲಿಲ್ಲ. ಅವನ ರೆಪ್ಪೆಗಳ ತುದಿಯಲ್ಲಿ ಬಿಳಿ ಹಿಮ ಕಟ್ಟತೊಡಗಿತ್ತು. ಅವಳು ಫೋನು ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದಾಗ ಅವನೆಂದ, "ಬಂತು."

ಪರದೆಯ ಎಡಕ್ಕೆ ಹಸಿರು ಗೆರೆ, ದಾರ ಎಳೆದು ಕಟ್ಟಿದಷ್ಟು ನೇರ.

"ನೋಡಿದ್ರಾ?" ಎಂದಳು ಸಾನಾ.

"ನೋಡಿದೆ. ಆದ್ರೆ ಅದು ಸಾಕಾಗಲ್ಲ. ಮೈನಸ್‌ನಲ್ಲಿ ಕಂಡದ್ದನ್ನ ಕಂಪನಿ ಒಪ್ಪಲ್ಲ."

"ನಾನು ಬಿಡಲ್ಲ."

"ಬಿಡಬೇಡಿ," ಎಂದ ಇಲ್ಮರಿ. "ಹೊರಗೆ ಮೈನಸ್ ಹದಿನೆಂಟು, ಒಳಗೆ ಇಪ್ಪತ್ತೊಂದು. ನಡುವೆ ಎಲ್ಲಾದ್ರೂ ಇಟ್ಟು ನೋಡಿದ್ದೀರಾ?"

"ನಡುವೆ ಅಂದ್ರೆ ಎಲ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಊರಿನಲ್ಲಿ ಜನವರಿ ತಿಂಗಳಿಗೆ ನಡುವೆ ಎಂಬುದಿಲ್ಲ. ಬಾಗಿಲ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಹಾಗಾಗಿ ಅದು ಇಬ್ಬರಿಗೂ ಇಷ್ಟು ದಿನ ಹೊಳೆದೇ ಇರಲಿಲ್ಲ.

"ನನ್ನ ಊಟದ ಡಬ್ಬಿ ಎಲ್ಲಿದೆಯೋ ಅಲ್ಲಿ," ಎಂದ ಇಲ್ಮರಿ.

ಸಿಬ್ಬಂದಿಯ ಕೋಣೆಯ ಫ್ರಿಜ್ಜಿನಲ್ಲಿ ಹಾಲು, ಮೊಸರು, ಯಾರದೋ ಅರ್ಧ ಕೇಕು, ಅವನ ಡಬ್ಬಿ. ಫೋನು ಬೆಚ್ಚಗಾಗುವವರೆಗೆ ಕಾದು, ತೇವ ತಾಗದಂತೆ ಅದನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಾಲಿನ ಪಕ್ಕದಲ್ಲಿಟ್ಟ. ಜೊತೆಗೆ ಒಂದು ಥರ್ಮಾಮೀಟರ್ ಕೂಡ.

"ಗ್ರಾಹಕರು ಇಲ್ಲಿ ಕೂರೋ ಹಾಗಿಲ್ಲ," ಎಂದು ಹೇಳಿ ಅವಳಿಗೆ ಕುರ್ಚಿ ಎಳೆದುಕೊಟ್ಟ. ಕಾಫಿ ಬಗ್ಗಿಸಿದ. ಏಲಕ್ಕಿ ಬನ್ನು ಒಂದೇ ಇತ್ತು. ಮುರಿದು ದೊಡ್ಡ ಭಾಗ ಅವಳ ಕಡೆಗೆ ಸರಿಸಿದ, ಅವಳು ಅದನ್ನು ಅವನ ಕಡೆಗೇ ಮತ್ತೆ ಸರಿಸಿದಳು.

"ಹಟ," ಎಂದ.

"ಹಟ ಇಲ್ದಿದ್ರೆ ನಾನು ಇಲ್ಲಿ ಇರ್ತಿದ್ನಾ?"

ಉಸಿರು ಒಳಕ್ಕೆಳೆದು ಅವನು "ಹೂಂ" ಎಂದ.

ಕಾಫಿ ಮುಗಿದ ಮೇಲೆ ಫ್ರಿಜ್ಜಿನ ಬಾಗಿಲು ತೆರೆದರು. ಥರ್ಮಾಮೀಟರ್ ಪ್ಲಸ್ ನಾಲ್ಕು ತೋರಿಸುತ್ತಿತ್ತು. ಚೀಲದೊಳಗೆ ಪರದೆ ಬೆಳಗಿತು. ಗೆರೆ ಇತ್ತು.

ಅದೇ ಹೊತ್ತಿಗೆ ಮ್ಯಾನೇಜರ್ ಒಳಗೆ ಬಂದಳು. "ಹಾಲಿನ ಪಕ್ಕ ಫೋನ್ ಇಟ್ಟವರು ಯಾರು?"

"ನಾನು. ಪ್ಲಸ್ ನಾಲ್ಕು. ಕೈಪಿಡಿ ಹೇಳಿದ ಮಿತಿಯೊಳಗೇ ಇದೆ."

ಅವಳು ಬಗ್ಗಿ ನೋಡಿದಳು. ಥರ್ಮಾಮೀಟರನ್ನೂ ನೋಡಿದಳು. ಸಾನಾಳ ಕಡೆ ತಿರುಗಿ, "ಗೆರೆ ಇದೆ," ಎಂದಳು. ಅವಳ ಮಟ್ಟಿಗೆ ಅದೇ ಕ್ಷಮಾಪಣೆ. "ಹೊಸದು ತರಿಸು, ಇಲ್ಮರಿ. ಹಾಲು ಇತ್ತ ಕೊಡು."

ಗೆದ್ದಾಯಿತು. ಮತ್ತೆ ಕೌಂಟರಿನ ಬಳಿ ಬಂದು ಕೋಟಿನ ಗುಂಡಿ ಹಾಕಿಕೊಳ್ಳುವಾಗ ಮಾತ್ರ ಸಾನಾಗೆ ಗೆಲುವಿನ ಖುಷಿ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಇನ್ನೊಮ್ಮೆ ಇಲ್ಲಿಗೆ ಬಂದು ಹೊಸ ಫೋನು ಒಯ್ದರೆ ಮುಗಿಯಿತು.

"ಫೋನ್ ಬಂದ ಮೇಲೆ..." ಎಂದು ಅವಳು ಶುರು ಮಾಡಿದಳು.

"ಭಾನುವಾರ ನಿಮ್ಮ ದ್ವೀಪದ ಕಡೆ ನನಗೆ ಕೆಲಸ ಇದೆ," ಎಂದ ಅವನು, ಕೌಂಟರ್ ಒರೆಸುತ್ತಾ.

"ಏನು ಕೆಲಸ?"

"ಫೋನ್ ಕೊಡೋದು."

ಭಾನುವಾರ ಮಧ್ಯಾಹ್ನ ಕಲೆರ್ವೊ ಮಾವ ಅಡುಗೆಮನೆ ಕಿಟಕಿಯಲ್ಲಿ ನಿಂತು ಹೆಪ್ಪುಗಟ್ಟಿದ ಸಮುದ್ರದ ಮೇಲಿನ ರಸ್ತೆ ನೋಡುತ್ತಿದ್ದ. "ಯಾರೋ ಬಸವನ ಹುಳುವಿನ ಹಾಗೆ ಬರ್ತಿದಾನೆ ನೋಡು. ಒಂದೋ ಮಂಜುಗಡ್ಡೆಗೆ ಹೆದರಿದಾನೆ, ಇಲ್ಲಾ ಏನೋ ಹೇಳೋದನ್ನ ಬಾಯಿಪಾಠ ಮಾಡ್ಕೊಳ್ತಿದಾನೆ."

"ಮಾವ, ನೀನು ಸುಮ್ನೆ ಸಾರು ನೋಡ್ಕೋ."

ಇಲ್ಮರಿ ಕಾರಿನಿಂದ ಇಳಿದ. ಮಂಜುಗಡ್ಡೆ ಒಡೆದರೆ ಥಟ್ಟನೆ ಹೊರಬರಲೆಂದು, ಮಂಜಿನ ರಸ್ತೆಯ ನಿಯಮದಂತೆ ಸೀಟ್ ಬೆಲ್ಟ್ ಬಿಚ್ಚಿಯೇ ಬಂದಿದ್ದ. ಒಳಜೇಬಿನಿಂದ ಹೊಸ ಫೋನಿನ ಡಬ್ಬಿ ತೆಗೆದ. ಅದು ಅವನ ಮೈ ಬಿಸಿಗೆ ಬೆಚ್ಚಗಿತ್ತು.

"ಪರೀಕ್ಷೆ ಮಾಡದೆ ತಗೊಳ್ಳಲ್ಲ," ಎಂದಳು ಸಾನಾ.

"ಅದು ಗೊತ್ತಿತ್ತು. ಫ್ರಿಜ್ ಎಲ್ಲಿ?"

"ಫ್ರಿಜ್‌ಗಿಂತ ಒಳ್ಳೇ ಜಾಗ ಇದೆ. ಬಾ."

ಮನೆಯ ಹಿಂದೆ ದಿಬ್ಬದೊಳಗೆ ಆಲೂಗಡ್ಡೆಯ ನೆಲಮಾಳಿಗೆ. ಮಣ್ಣು ಹೊದ್ದ ಆ ಗೂಡು ಚಳಿಗಾಲವಿಡೀ ಪ್ಲಸ್ ನಾಲ್ಕರಲ್ಲೇ ಇರುತ್ತದೆ. ತಲೆ ಬಗ್ಗಿಸಿ ಒಳಹೊಕ್ಕು, ಮರದ ಪೆಟ್ಟಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತರು. ಬೇರೆ ಜಾಗವೂ ಇರಲಿಲ್ಲ. ಬಾಗಿಲು ಮುಚ್ಚಿದಾಗ ಉಳಿದ ಬೆಳಕು ಪರದೆಯದೊಂದೇ. ಅವನ ಮುಖ ಪೂರ್ತಿ ಬಿಳಿಯಾಯಿತು, ಆಮೇಲೆ ಕೆಂಪಾಯಿತು.

ಕಾದರು. ಫೋನು ತಣ್ಣಗಾಯಿತು. ಗೆರೆ ಬರಲಿಲ್ಲ.

"ಸರಿ ಇದೆ," ಎಂದಳು ಸಾನಾ. ದನಿ ತಾನಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕೇನೋ."

"ಇಲ್ಮರಿ, ಫೋನ್ ಸರಿ ಇದೆ."

"ಹೂಂ." ಉಸಿರು ಒಳಕ್ಕೆ.

ಸಾನಾ ಪರದೆಯನ್ನು ಮೊಣಕಾಲಿಗೆ ಮಗುಚಿಟ್ಟಳು. ಕತ್ತಲಾಯಿತು. "ಇಲ್ಲ, ಇದನ್ನ ನಾನು ಬಿಡಲ್ಲ. ಆ ಹೂಂ ಅಂದ್ರೆ ಏನು ಅಂತ ಮೊದಲ ದಿನದಿಂದ ಗೊತ್ತಾಗಿಲ್ಲ ನಂಗೆ. ಉಸಿರು ಹೊರಗೆ ಬಿಟ್ಟು ಹೇಳು."

ಆಮೇಲೆ ಅವನು ದೀರ್ಘವಾಗಿ ಉಸಿರು ಬಿಟ್ಟದ್ದು ಅವಳ ಕಿವಿಗೇ ತಾಗಿತು.

"ಮೊದಲ ದಿನ, ನಿನ್ನನ್ನ ನಂಬಿದ್ದೀನಿ ಅನ್ನೋ ಅರ್ಥದಲ್ಲಿ ಹೂಂ ಅಂದೆ."

"ಗೆರೆ ಕಂಡೇ ಇರಲಿಲ್ಲ ನಿಂಗೆ!"

"ಸುಳ್ಳು ಹೇಳೋರು ಕಾಣದಿದ್ದಾಗ ಮಾತು ಬದಲಾಯಿಸ್ತಾರೆ. ಬ್ಯಾಟರಿ ಅಂತಾರೆ, ಸ್ಪೀಕರ್ ಅಂತಾರೆ. ನೀನು ಗೆರೆ ಅಂದ್ರೆ ಗೆರೆ ಅಂತ ನಿಂತೆ. ಅವತ್ತಿಂದ ಅಂಗಡಿ ಬಾಗಿಲು ತೆರೆದಾಗೆಲ್ಲ ತಲೆ ಎತ್ತಿ ನೋಡ್ತಿದೀನಿ. ಈಗ ಹೊಸ ಫೋನ್‌ನಲ್ಲೂ ಒಂದು ಗೆರೆ ಬರ್ಲಿ ಅಂತ ಬೇಡ್ಕೊಳ್ತಿದ್ದೆ. ಇಲ್ಲಾಂದ್ರೆ ಮುಂದಿನ ಭಾನುವಾರಕ್ಕೆ ನೆಪ ಇಲ್ಲ."

"ನಾನೂ," ಎಂದಳು ಸಾನಾ. ಕತ್ತಲಲ್ಲಿ ಅವನ ಕೈ ಹುಡುಕಿದಳು. ಗ್ಲೌಸ್ ಇರಲಿಲ್ಲ. "ನೆಪ ಬೇಡ. ಸುಮ್ನೆ ಬಾ."

ಹೊರಗೆ ಹಿಮದ ಮೇಲೆ ಬೂಟಿನ ಸದ್ದಾಯಿತು. "ಆಲೂಗಡ್ಡೆ ತರ್ತೀರೋ, ನಾನೇ ಬರ್ಲೋ?" ಮಾವನ ದನಿ. "ಸಾರು ಕುದೀತಿದೆ!"

"ಬರಬೇಡ ಮಾವ!" ಸಾನಾ ಕೂಗಿದಳು, ಇಲ್ಮರಿಯ ಕೆನ್ನೆಗೆ ಕೆನ್ನೆಯಿಟ್ಟು. "ಪರೀಕ್ಷೆ ಇನ್ನೂ ಮುಗಿದಿಲ್ಲ!"